ಐದು ಜನರ ಕಂಪನಿಗೆ ಎಚ್‌ಆರ್ ಯಾಕೆ ಬೇಕು?

‘ನಮ್ಮಲ್ಲಿರೋದೇ ಐದು ಜನ ಮೇಡಂ, ನಮಗೆಂಥ ಎಚ್‌ಆರ್?’ ಹೊಸದಾಗಿ ಉದ್ಯಮ ಶುರು ಮಾಡಿದವರಿಂದ ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು. ದೊಡ್ಡ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದವಳು ನಾನು. ಈಗ ಬೆಂಗಳೂರಿನ ಕೆಲವು ಸಣ್ಣ ಉದ್ಯಮಗಳಿಗೆ ನೇಮಕಾತಿ, ಸಂಬಳ, ರಜೆಯ ಲೆಕ್ಕ ನೋಡಿಕೊಡುತ್ತೇನೆ. ನನ್ನ ಉತ್ತರ ಒಂದೇ: ಐದೇ ಜನ ಇರೋದರಿಂದಲೇ ಬೇಕು.

ಸಾವಿರ ಜನರ ಕಂಪನಿಯಲ್ಲಿ ಒಬ್ಬರು ಬಿಟ್ಟರೆ ಮರುದಿನ ಯಾರಿಗೂ ಗೊತ್ತಾಗಲ್ಲ. ಐದು ಜನರಲ್ಲಿ ಒಬ್ಬರು ಹೋದರೆ ಕಂಪನಿಯ ಐದನೇ ಒಂದು ಭಾಗವೇ ಎದ್ದು ಹೋದ ಹಾಗೆ. ಇನ್ಫೋಸಿಸ್ ಕಥೆ ಹೇಳುವಾಗ ಎಲ್ಲರಿಗೂ ನೆನಪಾಗೋದು 1981ರ ಆ ₹10,000. ಅದಕ್ಕಿಂತ ದೊಡ್ಡ ಬಂಡವಾಳ ಜೊತೆಗೆ ಕೂತ ಏಳು ಜನ ಅನ್ನೋದನ್ನು ಮರೆಯುತ್ತೇವೆ.

ಹೋಳಿಗೆಯ ಲೆಕ್ಕ

ನನಗೆ ಪರಿಚಯದ ಯುವಕರೊಬ್ಬರು ಸಾಫ್ಟ್‌ವೇರ್ ಕೆಲಸ ಬಿಟ್ಟು ಹೋಳಿಗೆ ಘಟಕ ಶುರು ಮಾಡಿದರು. ಒಳ್ಳೆ ಪ್ಯಾಕಿಂಗ್, ಇನ್‌ಸ್ಟಾಗ್ರಾಂ ಪುಟ, ಹೊಸ ಗ್ರೈಂಡರ್ ಎಲ್ಲಕ್ಕೂ ದುಡ್ಡು ಹಾಕಿದರು. ಆದರೆ ಜನ ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದುದು ಕಣಕ ನಾದುತ್ತಿದ್ದ ಅಕ್ಕನ ಕೈಗುಣಕ್ಕೆ. ಹೂರಣ ಎಷ್ಟೇ ತುಂಬಿದರೂ ಕಾವಲಿ ಮೇಲೆ ಒಡೆಯದ ಕಣಕ ಅದು.

ಆಕೆ ₹2,000 ಜಾಸ್ತಿ ಕೇಳಿದ್ದರು. ‘ದಸರಾ ಮುಗೀಲಿ ಅಕ್ಕ, ನೋಡೋಣ’ ಅಂದರು ಇವರು. ದಸರಾ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಮುಗಿಯಿತು. ಯುಗಾದಿಗೆ ಹತ್ತು ದಿನ ಇರುವಾಗ ಅಕ್ಕ ಅಡುಗೆ ಕಂಟ್ರಾಕ್ಟರ್ ಒಬ್ಬರ ಕಡೆ ಸೇರಿಕೊಂಡರು. ಆ ಕಣಕ ಬೇರೆ ಯಾರಿಗೂ ಬರುತ್ತಿರಲಿಲ್ಲ. ಐದು ತಿಂಗಳಲ್ಲಿ ಉಳಿದದ್ದು ₹10,000; ಯುಗಾದಿ ಆರ್ಡರ್‌ಗಳಿಗೆ ತಗೊಂಡಿದ್ದ ಮುಂಗಡದಲ್ಲಿ ವಾಪಸ್ ಕೊಟ್ಟದ್ದು ₹60,000ಕ್ಕೂ ಹೆಚ್ಚು. ಆಮೇಲೆ ಇವರು ಕೇಳಿದಷ್ಟು ಕೊಡೋಕೆ ಸಿದ್ಧವಾದರೂ ಅಕ್ಕ ಬರಲಿಲ್ಲ. ‘ದುಡ್ಡಿಗಲ್ಲಪ್ಪ, ಮಾತಿಗೆ ಬೇಜಾರಾಯ್ತು’ ಅಂದರಂತೆ.

ದುಡ್ಡು ಕಡಿಮೆ ಇದ್ದರೂ ಮಾಡಬಹುದಾದದ್ದು

*ಒಂದು ಪುಟದ ಪತ್ರ:* ಕೆಲಸ ಏನು, ಸಂಬಳ ಎಷ್ಟು, ವಾರದ ರಜೆ ಯಾವತ್ತು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಸಂಬಳ ಹೆಚ್ಚಿಸುವ ಮಾತು ಯಾವ ತಿಂಗಳಲ್ಲಿ. ಅವರಿಗೆ ಓದಲು ಬರುವ ಭಾಷೆಯಲ್ಲಿರಲಿ. ‘ನೋಡೋಣ’ ಅನ್ನೋ ಪದ ಅದರಲ್ಲಿ ಬೇಡ.

*ಸಂಬಳದ ತಾರೀಖು:* ಹದಿನೈದು ಸಾವಿರ ದುಡಿಯುವವರ ಮನೆಬಾಡಿಗೆ, ಚೀಟಿ, ಸಂಘದ ಕಂತು ಎಲ್ಲ ಆ ಒಂದು ದಿನಕ್ಕೆ ಕಟ್ಟಿಕೊಂಡಿರುತ್ತವೆ. ತಡವಾಗುತ್ತದೆ ಅನ್ನಿಸಿದರೆ ಮೊದಲೇ ಹೇಳಿ. ಫೋನ್ ಎತ್ತದೇ ಇರಬೇಡಿ.

*ಕೆಲಸ ಇಬ್ಬರಿಗೆ ಗೊತ್ತಿರಲಿ:* ‘ಆಳು ಮಾಡಿದ್ದು ಹಾಳು’ ಅನ್ನೋ ಗಾದೆ ನಂಬಿ ಎಲ್ಲವನ್ನೂ ತಾನೇ ಮಾಡುವ ಮಾಲೀಕರಿದ್ದಾರೆ. ಒಬ್ಬರ ಮೇಲೇ ಎಲ್ಲ ಹೊರಿಸಿ ನಿಶ್ಚಿಂತರಾಗಿರುವವರೂ ಇದ್ದಾರೆ. ಜ್ವರ ಬಂದ ದಿನ ಇಬ್ಬರಿಗೂ ಕಷ್ಟ. ಗೊತ್ತಿದ್ದವರು ಇನ್ನೊಬ್ಬರಿಗೆ ಕಲಿಸಲಿ, ಕಲಿಸಿದ್ದಕ್ಕೆ ಸ್ವಲ್ಪ ಹೆಚ್ಚು ಕೊಡಿ. ಇಲ್ಲದಿದ್ದರೆ ‘ಕಲಿಸಿದ ಮೇಲೆ ನನ್ನನ್ನೇ ಕಳಿಸಿಬಿಟ್ಟರೆ?’ ಅನ್ನೋ ಭಯ ಅವರಿಗಿರುತ್ತದೆ.

*ಹತ್ತು, ಇಪ್ಪತ್ತರ ಗೆರೆ:* ಹತ್ತು ಜನ ಆದರೆ ಇಎಸ್‌ಐ ಬರುತ್ತದೆ. ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿಯನ್ನೂ ರಚಿಸಬೇಕು. ಇಪ್ಪತ್ತಾದರೆ ಪಿಎಫ್. ಇಎಸ್‌ಐ ಅಂದ ಕೂಡಲೇ ಹೊಸಬರು ಖರ್ಚು ಅಂತ ಗಾಬರಿಯಾಗುತ್ತಾರೆ. ತಿಂಗಳಿಗೆ ₹21,000ವರೆಗಿನ ಸಂಬಳಕ್ಕೆ ಮಾಲೀಕರ ಪಾಲು ಶೇ 3.25, ಉದ್ಯೋಗಿಯ ಪಾಲು ಶೇ 0.75. ಅಂದರೆ ₹15,000 ಸಂಬಳಕ್ಕೆ ನಿಮ್ಮ ಪಾಲು ಸುಮಾರು ₹490. ಅದರಿಂದ ಅವರಿಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಮಗುವಿನ ಆಸ್ಪತ್ರೆ ಬಿಲ್‌ಗೆ ಸಾಲ ಮಾಡಬೇಕಿಲ್ಲ ಅನ್ನೋ ಧೈರ್ಯ, ಕೆಲಸ ಬದಲಿಸುವ ಮುಂಚೆ ಎರಡು ಸಲ ಯೋಚಿಸುವಂತೆ ಮಾಡುತ್ತದೆ.

ಸೇರುವವರೂ ಕೇಳಿ

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಉದ್ಯಮ ಶುರು ಮಾಡುವವರು, ಇನ್ನು ಕೆಲವರು ಗೆಳೆಯರ ಸ್ಟಾರ್ಟಪ್ ಸೇರುವವರು. ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನೋ ಮಾತು ಎರಡೂ ಕಡೆ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಮನೆಯಲ್ಲಿ ಅಮ್ಮನಿಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ ಅನ್ನೋದು ನೆನಪಿರಲಿ!

ಪತ್ರ ಕೇಳಿದರೆ ಅಪನಂಬಿಕೆ ಅಂತ ಯಾರೂ ತಿಳಿಯಬೇಕಿಲ್ಲ. ನಂಬಿಕೆ ಇದ್ದಾಗಲೇ ಬರೆದಿಟ್ಟುಕೊಳ್ಳೋದು ಸುಲಭ. ಮನಸ್ತಾಪ ಬಂದ ಮೇಲೆ ಪೆನ್ನು ಹಿಡಿದರೆ ಅದು ನೋಟಿಸ್ ಆಗುತ್ತದೆ.

ಈ ತಿಂಗಳು ಸಂಬಳ ಹಾಕುವ ದಿನ ಒಂದು ಕೆಲಸ ಮಾಡಿ. ನಿಮ್ಮ ಐದೂ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ‘ಇಲ್ಲಿ ಏನು ಸರಿ ಇಲ್ಲ?’ ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಟೀ ಖರ್ಚು ಬಿಟ್ಟರೆ ಇದಕ್ಕೆ ಬೇರೇನೂ ಬೇಡ.