ಭೀತಿಯ ಕಲಿಕೆ

ಭಯವು ಪ್ರಾಣರಕ್ಷಣೆಗೆ ಅವಶ್ಯವಾದ ಭಾವ. ಅದು ಅಪಾಯದ ಪ್ರಮಾಣವನ್ನು ಮೀರಿ, ವಿವೇಕದ ಮಾತಿಗೆ ಬಗ್ಗದೆ, ನಿತ್ಯದ ವ್ಯವಹಾರಕ್ಕೇ ಅಡ್ಡಿಯಾಗಿ ನಿಂತಾಗ ಮನಶ್ಶಾಸ್ತ್ರಜ್ಞರು ಅದನ್ನು ಫೋಬಿಯ ಎಂದು ಕರೆಯುತ್ತಾರೆ. ಇಂತಹ ಭೀತಿಯನ್ನು ಕಲಿಕೆಯಿಂದ ಉಂಟುಮಾಡಬಹುದೆಂದು ಪ್ರಯೋಗಮುಖವಾಗಿ ತೋರಿಸಲು ಹೊರಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜಾನ್ ವಾಟ್ಸನ್ ಮತ್ತು ರೋಸಲೀ ರೇನರ್.

1920ರಲ್ಲಿ ಪ್ರಕಟವಾದ ಅವರ ಪ್ರಯೋಗ ಸುಪ್ರಸಿದ್ಧವಾದುದು. ಆಲ್ಬರ್ಟ್ ಎಂದು ಅವರು ಕರೆದ 11 ತಿಂಗಳ ಶಿಶುವಿಗೆ ಬಿಳಿಯ ಇಲಿಯ ಭಯವಿರಲಿಲ್ಲ. ಅದು ಕೈಚಾಚಿ ಇಲಿಯನ್ನು ಮುಟ್ಟಹೋಗುತ್ತಿತ್ತು. ಆಗ ಮಗುವಿನ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿಯಲಾಯಿತು. ಹೀಗೆ ಏಳು ಸಲ ಇಲಿಯನ್ನೂ ಕರ್ಕಶ ಶಬ್ದವನ್ನೂ ಜೊತೆಗೂಡಿಸಿದ ಮೇಲೆ, ಶಬ್ದವಿಲ್ಲದೆ ಇಲಿಯೊಂದನ್ನೇ ಕಂಡರೂ ಮಗು ಅಳುತ್ತ ಅಂಬೆಗಾಲಿಡುತ್ತ ದೂರ ಸರಿಯಿತು. ಐದು ದಿನಗಳ ತರುವಾಯ ಮೊಲ, ನಾಯಿ, ತುಪ್ಪುಳಿನ ಕೋಟುಗಳಿಗೂ ಆ ಭಯ ಹರಡಿತ್ತು. ಪಾವ್ಲೋವ್ ನಾಯಿಗಳಲ್ಲಿ ಕಂಡ ಅಭಿಸಂಧಾನವೇ ಇದು: ಎರಡು ಅನುಭವಗಳು ಒಟ್ಟಿಗೆ ಬಂದಾಗ ಒಂದರ ಪ್ರತಿಕ್ರಿಯೆ ಇನ್ನೊಂದಕ್ಕೆ ಅಂಟಿಕೊಳ್ಳುವುದು. ಭಯವನ್ನು ಕಳೆಯುವ ಮೊದಲೇ ಆಲ್ಬರ್ಟ್ ಆಸ್ಪತ್ರೆಯಿಂದ ಹೊರಟುಹೋದನು. ಇಂದು ಇಂತಹ ಪ್ರಯೋಗಕ್ಕೆ ಅನುಮತಿ ದೊರೆಯದು, ದೊರೆಯಲೂ ಬಾರದು. ಒಂದೇ ಮಗುವಿನ ಮೇಲೆ ನಡೆದ ಇದಕ್ಕೆ ಪಠ್ಯಪುಸ್ತಕಗಳು ಕೊಟ್ಟಿರುವ ತೂಕವೂ ಹೆಚ್ಚಾಯಿತೆಂದೇ ನಮ್ಮ ಅಭಿಪ್ರಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯಿದೆ. ಆಹಾರವಿಲ್ಲದೆ ಸಂಕೇತವನ್ನಷ್ಟೇ ಮತ್ತೆ ಮತ್ತೆ ಕೊಟ್ಟರೆ ನಾಯಿಯ ಜೊಲ್ಲು ಕ್ರಮೇಣ ನಿಲ್ಲುವುದೆಂದು ಪಾವ್ಲೋವನೇ ತೋರಿಸಿದ್ದನು. ಹಾಗಿದ್ದಲ್ಲಿ, ಬಾಲ್ಯದಲ್ಲೊಮ್ಮೆ ನಾಯಿ ಕಚ್ಚಿಸಿಕೊಂಡವನ ಭಯ ಮೂವತ್ತು ವರ್ಷಗಳಾದರೂ ಏಕೆ ಆರುವುದಿಲ್ಲ? 1947ರಲ್ಲಿ ಮೌರರ್ ಮಂಡಿಸಿದ ದ್ವಿಘಟಕ ಸಿದ್ಧಾಂತವು ಇದಕ್ಕೆ ಉತ್ತರ ಕೊಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಕುದಿಯುವ ಹಾಲಿನಿಂದ ಬಾಯಿ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲನ್ನು ಕಂಡೊಡನೆ ಓಡುತ್ತಿತ್ತು. ಹಾಲಿಗೂ ನೋವಿಗೂ ನಂಟು ಬೆಳೆದುದು ಮೊದಲನೆಯ ಘಟಕ. ಓಡಿದೊಡನೆ ಭಯ ತಗ್ಗುವುದರಿಂದ ಆ ನೆಮ್ಮದಿಯೇ ಓಟಕ್ಕೆ ಬಹುಮಾನವಾಗುವುದು ಎರಡನೆಯದು. ಓಡುತ್ತಲೇ ಇರುವ ಬೆಕ್ಕಿಗೆ ಹಾಲು ಆರಿದೆಯೆಂದು ತಿಳಿಯುವ ಸಂದರ್ಭವೇ ಒದಗುವುದಿಲ್ಲ!

ಆದರೂ ಸಿದ್ಧಾಂತಕ್ಕೆ ಮಿತಿಗಳುಂಟು. ಹಾವಿಗೆ ಅಂಜುವವರಲ್ಲಿ ಬಹುಮಂದಿಗೆ ಹಾವು ಕಚ್ಚಿಲ್ಲ. ವಿದ್ಯುತ್ತಿನ ಆಘಾತ ತಿಂದವರು ಅನೇಕರಾದರೂ ಸ್ವಿಚ್ಚಿನ ಫೋಬಿಯ ವಿರಳ. ಕೆಲವು ಭಯಗಳನ್ನು ಬೇಗನೆ ಕಲಿಯುವ ಸಿದ್ಧತೆ ಜೀವವಿಕಾಸದಿಂದ ಬಂದಿರಬಹುದೆಂದು 1971ರಲ್ಲಿ ಸೆಲಿಗ್ಮನ್ ಊಹಿಸಿದನು. ಕುಕ್ ಮತ್ತು ಮಿನೇಕ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಊಹೆಗೆ ಬಲಕೊಟ್ಟವು. ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳು, ಆಟಿಕೆಯ ಹಾವಿಗೆ ಬೆದರುವ ಇನ್ನೊಂದು ಕೋತಿಯನ್ನು ಚಿತ್ರದಲ್ಲಿ ನೋಡಿಯೇ ಆ ಭಯವನ್ನು ಕಲಿತವು. ಹೂವಿಗೆ ಬೆದರುವಂತೆ ಜೋಡಿಸಿದ ಚಿತ್ರದಿಂದ ಕಲಿಯಲಿಲ್ಲ.

ಕಲಿತದ್ದನ್ನು ಮಾರ್ಪಡಿಸಬಹುದೆಂಬುದಕ್ಕೆ ಮೇರಿ ಕವರ್ ಜೋನ್ಸ್ 1924ರಲ್ಲೇ ಸಾಕ್ಷ್ಯ ಒದಗಿಸಿದ್ದಳು. ಮೊಲಕ್ಕೆ ಅಂಜುತ್ತಿದ್ದ ಪೀಟರ್ ಎಂಬ ಬಾಲಕನು ಇಷ್ಟದ ತಿನಿಸನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದಿನೇ ದಿನೇ ಹತ್ತಿರಕ್ಕೆ ತಂದಳು. ಕಡೆಗೆ ಅವನು ಮೊಲವನ್ನು ಮುಟ್ಟಿ ಆಡಿದನು. ಭಯದ ವಸ್ತುವಿನ ಸಮ್ಮುಖದಲ್ಲಿ ಹಂತಹಂತವಾಗಿ ನಿಲ್ಲಿಸುವ ಇಂದಿನ ಚಿಕಿತ್ಸೆಗೂ ಇದೇ ತಳಹದಿ. ಆದರೆ ಹಳೆಯ ನಂಟು ಅಳಿಸಿಹೋಗುವುದಿಲ್ಲ, ಹೊಸ ಕಲಿಕೆಯ ಕೆಳಗೆ ಅಡಗಿರುತ್ತದೆ. ಸ್ಥಳ ಬದಲಾದರೆ ಮರುಕಳಿಸಲೂಬಹುದು. ಆದುದರಿಂದಲೇ ಚಿಕಿತ್ಸಕರು ಅಭ್ಯಾಸವನ್ನು ಒಂದೇ ಕೊಠಡಿಗೆ ಸೀಮಿತಗೊಳಿಸದೆ, ಮನೆಯಲ್ಲೂ ಬೀದಿಯಲ್ಲೂ ನಡೆಸಲು ಸೂಚಿಸುತ್ತಾರೆ.