ಹಳೇ ಜೀಪಿನ ಹೆಡ್ ಗ್ಯಾಸ್ಕೆಟ್: ಅಂಗಳದಲ್ಲಿ ಎಷ್ಟು, ಲೇತ್ ಅಂಗಡಿಯಲ್ಲಿ ಎಷ್ಟು?

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ತೋಟ-ಗದ್ದೆಗಳಲ್ಲಿ ಹಳೇ ಮಹೀಂದ್ರ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಕೆಸರಿರಲಿ, ಕಲ್ಲಿರಲಿ, ಈ ಗಾಡಿಗಳ ಎಂಜಿನ್ ಗಟ್ಟಿ. ಆದರೆ ಒಮ್ಮೆ ವಿಪರೀತ ಬಿಸಿಯೇರಿತೆಂದರೆ ಮೊದಲು ಕೈಕೊಡುವುದು ಹೆಡ್ ಗ್ಯಾಸ್ಕೆಟ್. ‘ಹೆಡ್ ಇಳಿಸಬೇಕು’ ಎಂದ ಕೂಡಲೇ ಗಾಬರಿಯಾಗಬೇಡಿ. ಪಾನಾ ಹಿಡಿದು ರೂಢಿಯಿದ್ದರೆ, ಜೊತೆಗೆ ಇನ್ನೊಬ್ಬರಿದ್ದರೆ, ಕೆಲಸದ ಬಹುಪಾಲು ಮನೆಯಂಗಳದಲ್ಲೇ ಆಗುತ್ತದೆ. ಒಂದು ಭಾಗವನ್ನು ಮಾತ್ರ ಲೇತ್‌ನವರಿಗೇ ಬಿಡಬೇಕು. ಅಲ್ಲಿ ದುಡ್ಡು ಉಳಿಸಲು ಹೋದರೆ ಉಳಿದ ಕೆಲಸವೆಲ್ಲ ದಂಡ.

ಏನಿದು ಗ್ಯಾಸ್ಕೆಟ್? ಎಂಜಿನ್ನಿನ ಕೆಳಭಾಗ ಬ್ಲಾಕ್. ಪಿಸ್ಟನ್ ಓಡಾಡುವುದು ಅಲ್ಲಿ. ಅದರ ಮೇಲೆ ಕೂರುವುದು ಹೆಡ್, ವಾಲ್ವ್‌ಗಳಿರುವುದು ಇದರಲ್ಲಿ. ಇವೆರಡರ ನಡುವಿನ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಕೆಲವರು ಹೆಡ್ ಪ್ಯಾಕಿಂಗ್ ಎನ್ನುತ್ತಾರೆ. ಸಿಲಿಂಡರಿನೊಳಗಿನ ಉರಿ, ತಂಪು ಮಾಡುವ ನೀರು, ಆಯಿಲ್ ಈ ಮೂರೂ ಒಂದಕ್ಕೊಂದು ಬೆರೆಯದಂತೆ ತಡೆಯುವುದು ಈ ಒಂದು ಹಾಳೆ. ಸಿಲಿಂಡರ್ ತೂತಿನ ಸುತ್ತ ಅದಕ್ಕೆ ಲೋಹದ ಬಳೆ ಇರುತ್ತದೆ. ಅದಕ್ಕೆ ಫೈರ್ ರಿಂಗ್ ಎಂದು ಹೆಸರು. ಡೀಸೆಲ್ ಎಂಜಿನ್ನಿನ ಒತ್ತಡವನ್ನೆಲ್ಲ ತಡೆಯುವುದು ಆ ಬಳೆಯೇ.

ಹೋಗಿದೆ ಎಂದು ತಿಳಿಯುವುದು ಹೇಗೆ? ಎಲ್ಲೂ ಸೋರದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಅನುಮಾನ ಪಡಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದ್ದರೆ ನೀರು ಸೇರಿದೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಬಿಡದೆ ಏಳುತ್ತಿದ್ದರೂ ಗ್ಯಾಸ್ಕೆಟ್ ಮೇಲೇ ಅನುಮಾನ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಕುದಿನೀರು ಮುಖಕ್ಕೆ ಹಾರುತ್ತದೆ. ‘ಬಿಳಿ ಹೊಗೆ ಬರುತ್ತಿದೆ, ಗ್ಯಾಸ್ಕೆಟ್ಟೇ ಇರಬೇಕಲ್ಲ?’ ಎಂದು ಕೇಳಬಹುದು. ಇರಲೇಬೇಕೆಂದಿಲ್ಲ. ಚಳಿಯ ಬೆಳಗಿನಲ್ಲಿ ಸ್ವಲ್ಪ ಬಿಳಿ ಹೊಗೆ ಸಹಜ. ಕಣ್ಣು ಉರಿಸುವ ಡೀಸೆಲ್ ವಾಸನೆಯಿದ್ದರೆ ಇಂಜೆಕ್ಟರ್ ನೋಡಿಸಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಹೊಗೆಯಾದರೆ ಅದು ಕೂಲೆಂಟ್.

ಸಾಮಾನು ತರುವ ಮೊದಲು ನಿಮ್ಮ ಎಂಜಿನ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೋದಿಂದ ಎಕ್ಸ್‌ಡಿಪಿ 4.90 ಎಂಜಿನ್ನಿನ ಲೈಸೆನ್ಸ್ ಪಡೆಯಿತು. ಹೆಸರಿನಲ್ಲೇ ಲೆಕ್ಕವಿದೆ: 4 ಸಿಲಿಂಡರ್, ಒಂದೊಂದರ ಅಗಲ 90 ಮಿ.ಮೀ.; ಒಟ್ಟು 2112 ಸಿಸಿ. ಅದರ ಅಣ್ಣನಂಥ ಎಕ್ಸ್‌ಡಿ3ಪಿ ಎಂಜಿನ್ನಿನ ಸಿಲಿಂಡರ್ 94 ಮಿ.ಮೀ. ಆಮೇಲೆ ಬಂದ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನೇ ಬೇರೆ. ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರದು. ಎಂಎಂ-550 ಎಂಬ ಒಂದೇ ಜೀಪಿನ ಹೆಸರಿನಲ್ಲಿ ಪ್ಯೂಜೋ ಗಾಡಿಯೂ ಇದೆ, ಡಿಐ ಗಾಡಿಯೂ ಇದೆ. ಎಷ್ಟೋ ಗಾಡಿಗಳಿಗೆ ಈ ಹಿಂದೆಯೇ ಎಂಜಿನ್ ಬದಲಾಗಿರುತ್ತದೆ. ಆದ್ದರಿಂದ ಅಂಗಡಿಗೆ ಗಾಡಿಯ ಹೆಸರಲ್ಲ, ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಹಳೇ ಗ್ಯಾಸ್ಕೆಟ್ಟನ್ನೂ ಒಯ್ದು ಹೊಸದರ ಮೇಲಿಟ್ಟು ತೂತಿಗೆ ತೂತು ಹೊಂದಿಸಿ ನೋಡಿ.

ಈಗ ಬಿಚ್ಚುವ ಕೆಲಸ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿ ವಿಷ. ಚರಂಡಿಗೆ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ. ಆಮೇಲೆ ಹೋಸ್, ಮ್ಯಾನಿಫೋಲ್ಡ್, ಇಂಜೆಕ್ಟರ್ ಪೈಪ್ ಬಿಚ್ಚಿ. ತೆರೆದ ಪೈಪಿನ ಬಾಯಿಗೆಲ್ಲ ಶುಭ್ರ ಪ್ಲಾಸ್ಟಿಕ್ ಕಟ್ಟಿ. ಒಂದು ಕಾಳು ಧೂಳು ಸಾಕು ನಾಜಲ್ ಕೆಡಲು. ರಾಕರ್ ತೆಗೆದ ಮೇಲೆ ಸಿಗುವ ಪುಶ್ ರಾಡ್‌ಗಳನ್ನು ರಟ್ಟಿನ ಡಬ್ಬಿಗೆ ತೂತು ಕೊರೆದು, ನಂಬರ್ ಬರೆದು, ಬಂದ ಕ್ರಮದಲ್ಲೇ ಚುಚ್ಚಿಡಿ.

ಹೆಡ್ ಬೋಲ್ಟುಗಳನ್ನು ಅಂಚಿನಿಂದ ಒಳಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ಹೆಡ್ ಬಾಗುತ್ತದೆ. ಹೆಡ್ ಏಳದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ, ಮರದ ಸುತ್ತಿಗೆಯಿಂದ ಬದಿಗೆ ಮೆಲ್ಲಗೆ ತಟ್ಟಿ. ಭಾರವಿರುತ್ತದೆ, ಇಬ್ಬರು ಎತ್ತಿ. ಬ್ಲಾಕಿನಿಂದ ಬೇರೆಯಾಗಿ ಕೂರುವ ಲೈನರ್‌ಗಳಿರುವ ಎಂಜಿನ್ ಆದರೆ, ಹೆಡ್ ತೆಗೆದ ಮೇಲೆ ಎಂಜಿನ್ ತಿರುಗಿಸಬೇಡಿ. ಲೈನರ್ ಮೇಲೆದ್ದರೆ ಕೆಲಸ ದೊಡ್ಡದಾಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಹಳೇ ಗ್ಯಾಸ್ಕೆಟ್ಟನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಎರಡು ಫೈರ್ ರಿಂಗ್‌ಗಳ ನಡುವೆ, ಇಲ್ಲವೇ ರಿಂಗ್‌ನಿಂದ ನೀರಿನ ತೂತಿನ ಕಡೆಗೆ, ಒಂದು ಕಪ್ಪು ಗೆರೆ ಕಾಣುತ್ತದೆ. ಉರಿ ದಾರಿ ಮಾಡಿಕೊಂಡದ್ದು ಅಲ್ಲೇ. ಹೆಡ್ ಮತ್ತು ಬ್ಲಾಕಿನಲ್ಲಿ ಅದೇ ಜಾಗವನ್ನು ಬೆರಳಾಡಿಸಿ ಪರೀಕ್ಷಿಸಿ. ಬಿರುಕೋ ತಗ್ಗೋ ಸಿಗಬಹುದು. ನೀರಿನ ದಾರಿಗಳೆಲ್ಲ ಬಿಳಿ ಕಿಟ್ಟ ಕಟ್ಟಿದ್ದರೆ ಕಾರಣವೂ ಸಿಕ್ಕಿದಂತೆಯೇ. ನಮ್ಮ ಕಡೆ ರೇಡಿಯೇಟರಿಗೆ ಬೋರ್‌ವೆಲ್‌ನ ಗಡುಸು ನೀರು ಸುರಿಯುವ ಅಭ್ಯಾಸವಿದೆ. ವರ್ಷಗಟ್ಟಲೆ ಸುರಿದರೆ ಆ ಲವಣವೇ ನಾಳಗಳನ್ನು ಮುಚ್ಚುತ್ತದೆ. ರೇಡಿಯೇಟರ್ ಸ್ವಚ್ಛ ಮಾಡಿಸದೆ, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್, ವಾಟರ್ ಪಂಪ್ ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬ್ಲಾಕಿನ ಮೈಗೆ ಅಂಟಿದ ಹಳೇ ಗ್ಯಾಸ್ಕೆಟ್ ಕೆರೆಯುವಾಗ ಸಿಲಿಂಡರಿಗೂ ನೀರಿನ ತೂತಿಗೂ ಬಟ್ಟೆ ತುರುಕಿ. ಹಳೇ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಒಣಗಿದ್ದನ್ನು ಉಜ್ಜಬೇಡಿ, ಗಾಳಿ ಹೊಡೆಯಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿ ತೆಗೆಯಿರಿ.

ಆಮೇಲೆ ಹೆಡ್ಡನ್ನು ಲೇತ್ ಅಂಗಡಿಗೆ ಒಯ್ಯಿರಿ. ದಾವಣಗೆರೆಯಲ್ಲೂ ಮಾಡುತ್ತಾರೆ, ಹರಿಹರದ ನೆಲದಲ್ಲೇ ಈ ಕೆಲಸವಿದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಕೈಕಸುಬು ಊರಲ್ಲಿ ಉಳಿದಿದೆ. ಮೊದಲು ಬಿರುಕಿದೆಯೇ ಎಂದು ಪ್ರೆಶರ್ ಟೆಸ್ಟ್ ಮಾಡಿಸಿ. ನಂತರ ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಲು ಹೇಳಿ. ಎಷ್ಟು ಬಾಗಿರಬಹುದು ಎಂಬುದನ್ನು ನಿಮ್ಮ ಎಂಜಿನ್ನಿನ ಮ್ಯಾನುಯಲ್ ಹೇಳುತ್ತದೆ; ಅದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ, ಕಣ್ಣಳತೆಗೆ ಸಿಗದು. ಬಾಗಿದ್ದರೆ ಫೇಸಿಂಗ್, ಅಂದರೆ ಮೈ ಹೆರೆದು ಸಮ ಮಾಡುವುದು. ‘ಎಷ್ಟು ತೆಗೆದಿರಿ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚು ಹೆರೆದರೆ ವಾಲ್ವ್ ಹೊರಚಾಚಿ ಪಿಸ್ಟನ್ನಿಗೆ ತಾಗುವ ಅಪಾಯವಿದೆ. ಇದೇ ನೇರಪಟ್ಟಿಯ ಪರೀಕ್ಷೆ ಬ್ಲಾಕಿಗೂ ಬೇಕು.

ಖರ್ಚು? ಗ್ಯಾಸ್ಕೆಟ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನುಗಳಲ್ಲೊಂದು. ಅದರ ಮೇಲೆ ಆಯಿಲ್, ಫಿಲ್ಟರ್, ಕೂಲೆಂಟ್, ಫೇಸಿಂಗ್ ಕೂಲಿ. ಬೋಲ್ಟ್ ಎಳೆದುಕೊಂಡಿದ್ದರೆ, ತುಕ್ಕು ತಿಂದಿದ್ದರೆ ಹೊಸವೇ ಬೇಕು. ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಸ್ಪೇರ್ ಅಂಗಡಿಗಳಲ್ಲಿ ಎರಡು ಮೂರು ಕಡೆ ಬೆಲೆ ಕೇಳಿ, ಬಿಲ್ ಸಮೇತ ತನ್ನಿ. ಟಾರ್ಕ್ ರೆಂಚ್, ಅಂದರೆ ಎಷ್ಟು ಬಲ ಬಿತ್ತೆಂದು ತೋರಿಸುವ ಪಾನಾ, ಕೊಳ್ಳಲಾಗದಿದ್ದರೆ ಪರಿಚಯದ ಗ್ಯಾರೇಜಿನಿಂದ ಕೇಳಿ ತನ್ನಿ. ಅದಿಲ್ಲದೆ ಹೆಡ್ ಕೂರಿಸಲೇಬೇಡಿ.

ಕೂರಿಸುವ ಮುನ್ನ ಬೋಲ್ಟಿನ ತೂತುಗಳಲ್ಲಿ ಆಯಿಲ್, ನೀರು ನಿಂತಿಲ್ಲವೆಂದು ನೋಡಿ. ನಿಂತ ದ್ರವದ ಮೇಲೆ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು. ಗ್ಯಾಸ್ಕೆಟ್ಟಿನ ಮೇಲ್ಮುಖದ ಗುರುತು ನೋಡಿ ಇಡಿ. ತಯಾರಕರು ಹೇಳದ ಹೊರತು ಯಾವ ಅಂಟೂ ಬೇಡ. ಬಿಗಿಯುವುದು ನಡುವಿನಿಂದ ಅಂಚಿಗೆ, ಮೂರು ಸುತ್ತಿನಲ್ಲಿ, ಮ್ಯಾನುಯಲ್ ಹೇಳಿದ ಕೆ.ಜಿ.-ಮೀಟರಿಗೆ. ಟ್ಯಾಪೆಟ್ ಸಂದು, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಜಾಗ, ಹೊಂದಿಸಿ. ಹೊಸ ಆಯಿಲ್ ಹಾಕಿ. ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿ, ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ.

ಹಳೇ ಬಗೆಯ ಗ್ಯಾಸ್ಕೆಟ್ ಒಮ್ಮೆ ಬಿಸಿಯಾದ ಮೇಲೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಎಂಜಿನ್ ತಣಿದ ಮೇಲೆ ಮತ್ತೊಮ್ಮೆ ಟಾರ್ಕ್ ಕೊಡಬೇಕೇ ಎಂದು ಪ್ಯಾಕೆಟ್ ಮೇಲೆ ಓದಿ. ಕೊಟ್ಟರೆ ಟ್ಯಾಪೆಟ್ ಸಂದನ್ನೂ ಮತ್ತೆ ನೋಡಿ. ಮೊದಲು ಆಯಿಲಿಗೆ ನೀರು ಸೇರಿದ್ದ ಗಾಡಿಯಾದರೆ ಈ ಹೊಸ ಆಯಿಲನ್ನೂ ಬೇಗನೇ ಬದಲಿಸಿ. ಒಳಗಿನ ಸಂದುಗಳಲ್ಲಿ ಉಳಿದ ತೇವ ಅದರ ಜೊತೆ ಹೊರಬರುತ್ತದೆ.