ಉಂಗುಟ ಕಿತ್ತ ಚಪ್ಪಲಿ

ಪುಣೆಯಲ್ಲಿ ಬಂದು ನೆಲೆಸಿದ ಕನ್ನಡ ಮನೆಗಳಿಗೆ ಪಂಢರಿಯ ವಿಠಲ ಹೊಸಬನಲ್ಲ. ಪುರಂದರದಾಸರ ಅಂಕಿತದಲ್ಲಿಯೆ ಅವನಿದ್ದಾನೆ. ಜ್ಞಾನೇಶ್ವರ ಮಹಾರಾಜರ ಪಾಲಖಿಯೊಡನೆ ನಡೆಯುವ ಕುದುರೆಗಳಂತೂ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಮನೆತನದ ಸೇವೆಯಾಗಿ, ಆಳಂದಿಗೆ ಬರುತ್ತವೆ. ಆದರೂ ವಾರಿ ಊರೊಳಗೆ ಬಂದ ದಿನ ನಮ್ಮಲ್ಲಿ ಹಲವರು ಮಾಡುವುದೇನು? ರಸ್ತೆ ಬಂದಾಯಿತಲ್ಲ, ಕಚೇರಿಗೆ ತಡವಾಯಿತಲ್ಲ ಎಂದು ಗೊಣಗುವುದು. ನಾವೂ ಹಾಗೆ ಗೊಣಗಿದವರೇ.

ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಆಷಾಢ ಏಕಾದಶಿಗಾಗಿ ಹೊರಟು, ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ಮೊದಲನೆಯದು ಭವಾನಿ ಪೇಠೆಯ ಪಾಲಖಿ ವಿಠೋಬಾ ಗುಡಿಯಲ್ಲಿ, ಎರಡನೆಯದು ನಾನಾ ಪೇಠೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ. ಸಂಗಡ ಬಂದ ಲಕ್ಷಗಟ್ಟಲೆ ಜನ ಶಾಲೆ, ಗುಡಿ, ಅಂಗಡಿಯ ಕಟ್ಟೆ, ಸಿಕ್ಕಲ್ಲಿ ಮಲಗುತ್ತಾರೆ. ಆ ಎರಡು ದಿನ ಪೇಠೆಗಳಲ್ಲಿ ಒಮ್ಮೆ ಸುತ್ತಿ ನೋಡಬೇಕು. ಕ್ಷೌರಿಕರು ಕಾಸು ಕೇಳದೆ ಗಡ್ಡ ತೆಗೆಯುತ್ತಾರೆ. ಯಾರೋ ಯಾರದೋ ಕಾಲಿಗೆ ಎಣ್ಣೆ ತಿಕ್ಕುತ್ತಿರುತ್ತಾರೆ.

ನಮ್ಮ ಮನಸ್ಸು ನಿಂತದ್ದು ಚಪ್ಪಲಿ ಹೊಲಿಯುವವರಲ್ಲಿ. ಮಳೆಯಲ್ಲಿ ತಾಡಪತ್ರಿಯ ಕೆಳಗೆ ಸಾಲಾಗಿ ಕುಳಿತು, ತಲೆಯೆತ್ತದೆ, ಒಂದಾದ ಮೇಲೊಂದು ಹೊಲಿದು ಕೊಡುತ್ತಾರೆ. ದುಡ್ಡಿಲ್ಲ. ಉಂಗುಟ ಕಿತ್ತ ಚಪ್ಪಲಿ ನಮಗೆ ಅಷ್ಟೇನೂ ದೊಡ್ಡದಲ್ಲ. ರಿಕ್ಷಾ ಹಿಡಿದು ಮನೆ ಸೇರುತ್ತೇವೆ. ಅವರಿಗೆ ಮಾರನೆಯ ದಿನ ದಿವೇ ಘಾಟ ಏರಿ ಸಾಸವಡ ಮುಟ್ಟಬೇಕು. ಆಳಂದಿಯಿಂದ ಪಂಢರಪುರ ಸುಮಾರು 250 ಕಿಲೋಮೀಟರು. ಬೊಬ್ಬೆ ಎದ್ದ ಕಾಲು ಹಿಂದೆ ಬಿತ್ತೆಂದರೆ ದಿಂಡಿಯೇ ಕೈತಪ್ಪುತ್ತದೆ. ಇದನ್ನರಿತೇ ಅವರು ಹೊಲಿಯುತ್ತಾರೆ. ತಮ್ಮ ಕೈಯಲ್ಲಿರುವ ಕೆಲಸವನ್ನೇ ಕೊಡುತ್ತಾರೆ.

ನಾವು ಕೊಟ್ಟದ್ದೇನು? ಬಿಸ್ಕೀಟು. 2020 ಮತ್ತು 2021ರಲ್ಲಿ ಕೊರೋನಾದ ದೆಸೆಯಿಂದ ಪಾದುಕೆಗಳು ಬಸ್ಸಿನಲ್ಲಿಯೆ ಪಂಢರಪುರಕ್ಕೆ ಹೋಗಿದ್ದವು. 2022ರಲ್ಲಿ ನಡಿಗೆ ಮತ್ತೆ ಆರಂಭವಾದಾಗ, ಈ ಸಲವಾದರೂ ಏನಾದರೂ ಮಾಡೋಣವೆಂದು ಮನೆಯವರೆಲ್ಲ ಎರಡು ಪೆಟ್ಟಿಗೆ ಪೊಟ್ಟಣ ತಂದು ಮೂಲೆಯಲ್ಲಿ ನಿಂತೆವು. ಹಂಚುವ ಉತ್ಸಾಹದಲ್ಲಿ ನಮ್ಮನಮ್ಮಲ್ಲಿ ಕನ್ನಡದಲ್ಲಿ ಕೂಗಾಡಿರಬೇಕು. ತೊಯ್ದು ತೊಪ್ಪೆಯಾದ ಹಿರಿಯ ಹೆಂಗಸೊಬ್ಬಳು ಗಕ್ಕನೆ ನಿಂತಳು. ಅಥಣಿ ಕಡೆಯವಳು.

"ತಂಗೀ, ಬಿಸ್ಕೀಟ ಚೀಲದ ತುಂಬ ಅದಾವ. ಈ ಸೀರಿ ಬದಲಿ ಮಾಡಾಕ ಒಂದೀಟು ಮರಿ ಇದ್ದರ ಹೇಳವಾ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆ ಹಿಂದಿನ ಓಣಿಯಲ್ಲಿಯೆ ಇತ್ತು. ಗುರುತಿಲ್ಲದವರು, ಕೆಸರಿನ ಕಾಲು, ಒಳಗೆ ಕಪಾಟು, ಆಡುವ ಮಗು! ಈ ಲೆಕ್ಕವೆಲ್ಲ ಒಂದು ಗಳಿಗೆಯಲ್ಲಿ ಆಗಿಹೋಯಿತು. ಆಕೆಗೂ ಅದು ತಿಳಿದಿರಬೇಕು, "ಇರಲಿ ಬಿಡವಾ" ಎಂದು ಹೊರಟೇಬಿಟ್ಟಳು. ನಾಚಿಕೆಯಾಗಿ ಹಿಂದೆ ಓಡಿ ಕರೆತಂದೆವು. ಅವಳ ಬೆನ್ನಿಗೆ ಇನ್ನೂ ಐವರು ಬಂದರು.

ಬಚ್ಚಲ ಬಾಗಿಲು ಒಂದು ತಾಸು ಮುಚ್ಚಲಿಲ್ಲ. ಬಿಸಿನೀರು, ಫ್ಯಾನಿನ ಕೆಳಗೆ ಹರವಿದ ಸೀರೆಗಳು, ಗೋಡೆಯ ಬಳಿ ಚಾರ್ಜಿಗೆ ಇಟ್ಟ ಮೂರು ಮೊಬೈಲು. ದಾರಿಯುದ್ದಕ್ಕೂ ಊಟಕ್ಕೆ ಕೊರತೆಯಿಲ್ಲವಂತೆ; ಹೆಂಗಸರಿಗೆ ಶೌಚಕ್ಕೆ ಹೋಗುವುದೇ ದೊಡ್ಡ ಕಷ್ಟವಂತೆ. ಅದಕ್ಕಾಗಿಯೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತೇವೆಂದು ಒಬ್ಬಳು ಹೇಳಿದಾಗ ನಾವು ಹಂಚಿದ ಪೊಟ್ಟಣಗಳ ನೆನಪಾಗಿ ಮಾತೇ ಹೊರಡಲಿಲ್ಲ.

ಇನ್ನೊಂದು ಸಂಗತಿ ಆಕೆಯಿಂದಲೇ ಕಲಿತೆವು. ದಿಂಡಿಗಳಿಗೆ ಕ್ರಮಾಂಕವುಂಟು, ರಥದ ಮುಂದಿನವು, ರಥದ ಹಿಂದಿನವು ಎಂದು ಎರಡು ಭಾಗ. ಗುಂಪು ತಪ್ಪಿ ನಿಂತ ಕನ್ನಡದವರು ಕಂಡರೆ ಹೆಸರು, ಊರು ಆಮೇಲೆ, ಮೊದಲು "ರಥದ ಮುಂದೋ ಹಿಂದೋ, ಎಷ್ಟನೆಯ ದಿಂಡಿ?" ಎಂದು ಕೇಳಿ, ಅದನ್ನು ಮರಾಠಿಯಲ್ಲಿ ಪಕ್ಕದವರಿಗೆ ಹೇಳಿದರಾಯಿತು. ಎರಡೂ ಭಾಷೆ ಬಲ್ಲ ನಮ್ಮಂಥವರಿಗೆ ಇದಕ್ಕೆ ಖರ್ಚೇನೂ ಇಲ್ಲ.

ಈಗ ಆ ಎರಡು ದಿನ ಪೆಟ್ಟಿಗೆ ತರುವುದಿಲ್ಲ. ಬಾಗಿಲಿಗೆ "ಹೆಂಗಸರಿಗೆ ಬಚ್ಚಲು, ಬಿಸಿನೀರು ಇದೆ" ಎಂದು ಮರಾಠಿ, ಕನ್ನಡ ಎರಡರಲ್ಲೂ ಬರೆದು ಅಂಟಿಸುತ್ತೇವೆ.

ಅಂದು ಅವರು ಹೋದ ಮೇಲೆ ನೋಡಿದರೆ ಮಗುವಿನ ಆಟದ ಬುಟ್ಟಿಯಲ್ಲಿ ಹನ್ನೊಂದು ಬಿಸ್ಕೀಟು ಪೊಟ್ಟಣಗಳಿದ್ದವು. ಅವುಗಳಲ್ಲಿ ನಾಲ್ಕು ನಾವು ಕೊಟ್ಟವೇ.